ಚರಗಿಯೊಳಗಿನ ದನಿ

ಸಿಂಧನೂರಿನ ನಮ್ಮ ಮನೆಯಲ್ಲಿ ನಾನು ನೀರು ಕುಡಿಯುವ ತಾಮ್ರದ ಚರಗಿಗೆ, ನನ್ನ ಕಿವಿ ಮಂದವಾದ ಮೇಲೆ, ಇನ್ನೊಂದು ಡ್ಯೂಟಿ ಬಿದ್ದಿದೆ: ಫೋನ್ ಬಂದರೆ ನೀರು ಚೆಲ್ಲಿ, ಒರೆಸಿ, ಮೊಬೈಲನ್ನು ಅದರೊಳಗೆ ಇಳಿಬಿಡುತ್ತೇನೆ, ದನಿ ದುಂಡಗಾಗಿ, ದೊಡ್ಡದಾಗಿ ಮೇಲೇಳುತ್ತದೆ. ನಗಬೇಡಿ. ನನ್ನ ತಂದೆ ತಮ್ಮ ಹಳೆಯ ರೇಡಿಯೋದ ಹೆಡ್‌ಫೋನನ್ನು ಹೀಗೆಯೇ ಹಿತ್ತಾಳೆಯ ಕೊಡದಲ್ಲಿಟ್ಟು ಮನೆಮಂದಿಗೆಲ್ಲ ವಾರ್ತೆ ಕೇಳಿಸುತ್ತಿದ್ದರು. ಲೌಡ್‌ಸ್ಪೀಕರಿನ ಬಾಲ್ಯವೂ ಇಂಥದೇ: ಒಬ್ಬರ ಕಿವಿಗೆಂದು ಹುಟ್ಟಿದ ಟೆಲಿಫೋನಿನ ತುಣುಕಿಗೆ ಯಾರೋ ಕಹಳೆ ಸಿಕ್ಕಿಸಿದರು, ಗುಟ್ಟು ಘೋಷಣೆಯಾಯಿತು. ಆಮೇಲೆ ಅಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿಯೊಂದು ಕಾಗದದ ಶಂಕುವನ್ನು ಹೊತ್ತು ನಡುಗಲು ಕಲಿಯಿತು; ಅದು ನೆಮ್ಮದಿಯಾಗಿ ಕುಳಿತರೆ ಹಾಡೂ ಇಲ್ಲ, ಮಾತೂ ಇಲ್ಲ. ಕಾನ್ವೆಂಟಿನ ಸಿಸ್ಟರ್ ನನ್ನನ್ನು ‘ರೆಸ್ಟ್‌ಲೆಸ್ ಗರ್ಲ್’ ಎಂದು ಗದರುತ್ತಿದ್ದುದು ನೆನಪಾಗಿ ಆ ಸುರುಳಿಯ ಮೇಲೆ ಮಮತೆ ಬರುತ್ತದೆ.

ಇವತ್ತಂತೂ ನಾನೇ ಆ ಸುರುಳಿ. ಅಂದಿನ ನನ್ನ ಬೆಂಚ್‌ಮೇಟ್, ಮಸ್ಕಿಯ ಮೆಹರುನ್ನೀಸಾಗೆ ನಾಳೆ ಗಂಟಲಿನ ಆಪರೇಷನ್. ಮುಂದೆ ದನಿ ಉಳಿಯುತ್ತದೋ ಇಲ್ಲವೋ, ಡಾಕ್ಟರು ಹೇಳಲಾರರು. ಕುರ್ಚಿಗೂ ಕಿಟಕಿಗೂ ಅಲೆದೆ. ಬೀದಿಯಲ್ಲಿ ಕಹಳೆ ಕಟ್ಟಿಕೊಂಡ ಆಟೋ ಸೀರೆಯ ಸೇಲ್ ಸಾರುತ್ತ ಹೋಯಿತು. ಬೇಡದ್ದೆಲ್ಲ ಎಷ್ಟು ಚೆನ್ನಾಗಿ ಕೇಳಿಸುತ್ತದೆ! ಸಂಜೆ ಕೊನೆಗೂ ಅವಳ ಫೋನ್ ಬಂತು. ಬತ್ತಿದ ದನಿ ಚರಗಿಯಲ್ಲಿ ಗುಂಯ್‌ಗುಟ್ಟಿತು.

“ಅರೇ, ಮತ್ತ ಚರಗ್ಯಾಗ ಹಾಕೀಯೇನ ಬೇ ನನ್ನ?”

“ಇಲ್ಲಂದ್ರ ಕೇಳ್ಸಂಗಿಲ್ಲ ಬೇ!”

ಅಡುಗೆಮನೆಯಿಂದ ಸೊಸೆ ಕೂಗಿದಳು: “ಅತ್ತಿ, ನಮಗೆಲ್ಲಾ ಕೇಳ್ಸಾಕತ್ತೈತ್ರೀ!”

“ನೋಡಿದೇನ? ನಿನಗೊಬ್ಬಾಕಿಗೇ ಹೇಳೋದೈತಿ. ಹೊರಗ ತಗಿ ನನ್ನ,” ಎಂದಳು ಮೆಹರು.

ಮಗ ತಂದುಕೊಟ್ಟ ಕಿವಿಯ ಮಷೀನು ತಿಂಗಳುಗಟ್ಟಲೆ ಡಬ್ಬಿಯಲ್ಲೇ ಮಲಗಿತ್ತು. ಮುದುಕಿಯರ ಒಡವೆಯೆಂದು ನಾನು ಮುಖ ತಿರುಗಿಸಿದ್ದೆ. ಅದೂ ಒಂದು ಲೌಡ್‌ಸ್ಪೀಕರೇ ಅಲ್ಲವೇ, ಕಹಳೆಯನ್ನೆಲ್ಲ ಕಳಚಿಟ್ಟು, ಊರೆಲ್ಲ ಸುತ್ತಿ, ಮತ್ತೆ ಒಬ್ಬರ ಕಿವಿಗೇ ಮರಳಿದ್ದು? ಡಬ್ಬಿಯಿಂದ ತೆಗೆದು ಕಿವಿಗೆ ಸಿಕ್ಕಿಸಿಕೊಂಡು, ಫೋನನ್ನು ಅದಕ್ಕೊತ್ತಿ, “ಈಗ ಹೇಳು!” ಎಂದು ಅರಚಿದೆ.

“ಯಾಕ ಒದರ್ತಿ? ಇಲ್ಲೇ ಅದೀನಿ,” ಎಂದಳು. ಉಸಿರೆಳೆದುಕೊಂಡಳು, ಅದೂ ಕೇಳಿಸಿತು. “ಅಂಜಿಕಿ ಆಗಾಕತ್ತೈತಿ ಬೇ.”

“ನನಗೂ,” ಎಂದೆ, ಸೊಸೆಗೆ ಕೇಳಿಸದಷ್ಟು ಮೆಲ್ಲಗೆ.

ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಫೋನಿಟ್ಟ ಮೇಲೆ ಚರಗಿಗೆ ನೀರು ತುಂಬಿಟ್ಟೆ.