ಗಿರಿಜಕ್ಕ ಹೇಳದೆ ಬಿಟ್ಟ ಉಪ್ಪು

ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ನಾನೇ. ಇದೇ ಅಂಕಣದಲ್ಲಿ ನಿಮಗೆಲ್ಲ ಅಡುಗೆಯ ಬಗ್ಗೆ ಆಗಾಗ ಉಪದೇಶ ಮಾಡುವ ನಾನು.

(ನಗಬೇಡಿ. ಮನೆ ತುಂಬ ಜನ, ಒಲೆಯ ಮುಂದೆ ಸೆಕೆ, ಸಾಲದ್ದಕ್ಕೆ ಫೋನಿನಲ್ಲಿ ಎಡಿಟರ್.)

ಇದು ನಡೆದದ್ದು ಕಾರ್ತಿಕ ಸೋಮವಾರ, ಬನಶಂಕರಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗ ಬಸವರಾಜಣ್ಣನ ಮನೆಯಲ್ಲಿ. ನಮ್ಮಲ್ಲಿ ದೇವರಿಗೆ ಎಡೆ ಇಡುವವರೆಗೆ ಯಾರೂ ಅಡುಗೆಯ ರುಚಿ ನೋಡುವಂತಿಲ್ಲ. ಹಾಗಾಗಿ ಅಡುಗೆ ಕೆಟ್ಟಿದ್ದರೆ ಅದು ಗೊತ್ತಾಗುವುದು ಎಲೆಯ ಮುಂದೆ ಕೂತ ಮೇಲೆಯೇ. ಮೊದಲ ತುತ್ತಿಗೇ ಎಲ್ಲರೂ ತಲೆ ಎತ್ತಿ ನನ್ನನ್ನು ನೋಡಿದರು. ಸುಮಾ ಅತ್ತಿಗೆ ಉಪ್ಪು ತರಲು ಒಳಗೆ ಓಡಿದರು. ತಲೆ ಎತ್ತದೆ ಊಟ ಮಾಡುತ್ತಿದ್ದವಳು ಒಬ್ಬಳೇ, ಬಸವರಾಜಣ್ಣನ ತಂಗಿ ಗಿರಿಜಕ್ಕ.

"ಹೇಗಿದೆ ಅಕ್ಕಾ ಸಾರು?" ಎಂದೆ.

"ಚೆನ್ನಾಗಿದೆ" ಅಂದಳು.

ಗಿರಿಜಕ್ಕ ಯಾರು ಅನ್ನುವುದು ಗೊತ್ತಿಲ್ಲದಿದ್ದರೆ ಈ ಉತ್ತರದ ವಿಚಿತ್ರ ನಿಮಗೆ ಅರ್ಥವಾಗುವುದಿಲ್ಲ. ರುಚಿ ನೋಡುವಂತಿಲ್ಲದ ನಮ್ಮ ಅಡುಗೆಮನೆಗಳಿಗೆ ಒಂದು ಕಾಲದಲ್ಲಿ ಅವಳ ಮೂಗೇ ಗತಿ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, ಕುದಿಯುವ ವಾಸನೆ ಹಿಡಿದು, "ಯಾರಮ್ಮಾ ಸಾರು ಮಾಡ್ತಿರೋದು? ಉಪ್ಪು ಯಾರು ಹಾಕ್ತಾರೆ, ಪಕ್ಕದ ಮನೆಯವ್ರಾ?" ಅನ್ನುತ್ತಿದ್ದಳು. ಒಮ್ಮೆಯೂ ತಪ್ಪಿದ್ದಿಲ್ಲ. ಅವಳ ಬಾಯಿಗೆ ಹೆದರಿ ಸುಮಾ ಅತ್ತಿಗೆ ಮದುವೆಯಾದ ಹೊಸದರಲ್ಲಿ ಹಿತ್ತಲಲ್ಲಿ ಕೂತು ಅತ್ತದ್ದೂ ಉಂಟು.

ಆಮೇಲೆ ಅವಳಿಗೆ ಕಾಯಿಲೆ ಬಂತು. ಮನಸ್ಸಿನ ಕಾಯಿಲೆ. ಅದು ಶುರುವಾದದ್ದೂ ಊಟದ ತಟ್ಟೆಯಿಂದಲೇ. "ಈ ಸಾರಲ್ಲಿ ಏನೋ ಹಾಕಿದ್ದಾರೆ" ಎಂದು ತಟ್ಟೆ ದೂಡಿದಳು. ಗೋಡೆಯ ಆಚೆ ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಅಂದಳು. ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಅತ್ತಿಗೆಯನ್ನು ಕಂಡರೆ ನಡುಗತೊಡಗಿದಳು. ಅವಳನ್ನು ಉಳಿಸಿದ್ದು ಮಾತ್ರೆ. ಇದರಲ್ಲಿ ಎರಡು ಮಾತಿಲ್ಲ. ಗೋಡೆಯಾಚೆಯ ದನಿಗಳು ನಿಂತವು, ಊಟ ನಿದ್ದೆ ಹಳಿಗೆ ಬಂದವು. ಅಲ್ಲಿಂದ ಇಲ್ಲಿಯವರೆಗೆ, ಎಷ್ಟೋ ವರ್ಷಗಳಿಂದ, ದಿನವೂ ಊಟವಾದ ಮೇಲೆ ಮಾತ್ರೆ.

ಮಾತ್ರೆಯ ಜೊತೆಗೆ ಅವಳು ಬಹಳ ಒಳ್ಳೆಯವಳೂ ಆಗಿಬಿಟ್ಟಳು. ಜಗಳವಿಲ್ಲ, ಕೊಂಕಿಲ್ಲ. ಏನು ಬಡಿಸಿದರೂ ಚೆನ್ನಾಗಿದೆ, ಯಾವ ಸೀರೆ ತೋರಿಸಿದರೂ ಚೆನ್ನಾಗಿದೆ. ನೆಂಟರೆಲ್ಲ "ಗಿರಿಜಾ ಎಷ್ಟು ಹುಷಾರಾಗಿದ್ದಾಳೆ" ಎಂದು ಸಂತೋಷಪಟ್ಟರು. ನಾನೂ ಪಟ್ಟೆ.

ಆದರೆ ಆ ಸೋಮವಾರ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ಸಾರು ಕುದಿಯುವಾಗ ಅವಳು ನನ್ನ ಪಕ್ಕದಲ್ಲೇ ಕೂತು ಬೀನ್ಸ್ ಹೆಚ್ಚುತ್ತಿದ್ದಳಲ್ಲ? ಆ ಮೂಗು ಎಲ್ಲಿ ಹೋಯಿತು? ಊಟ ಮುಗಿದು ಇಬ್ಬರೇ ಪಾತ್ರೆ ತೊಳೆಯುವಾಗ ಕೇಳಿಯೇ ಬಿಟ್ಟೆ.

"ನಿಜ ಹೇಳು ಅಕ್ಕಾ. ಉಪ್ಪಿಲ್ಲ ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಕಣೆ. ಒಲೆ ಮೇಲಿದ್ದಾಗ್ಲೇ ಗೊತ್ತಾಯ್ತು."

"ಮತ್ತೆ ಹೇಳ್ಬಾರ್ದಿತ್ತಾ?"

"ಹೇಳ್ಬೇಕು ಅನ್ನಿಸ್ಲಿಲ್ಲ."

ಮೂಗು ಸರಿಯಾಗಿದೆ, ನಾಲಗೆ ಸರಿಯಾಗಿದೆ, ಹೇಳಬೇಕು ಅನ್ನಿಸುವುದಿಲ್ಲ. ಹಾಗೆಂದರೇನು? ನಾನು ಬಿಡಲಿಲ್ಲ. ಅವಳು ಒಂದೊಂದೇ ಮಾತು ಹುಡುಕಿ ಹೇಳಿದಳು.

"ಸಿಟ್ಟು ಬರ್ಬೇಕಾದ ಜಾಗ ಗೊತ್ತಾಗುತ್ತೆ. ಸಿಟ್ಟು ಬರಲ್ಲ. ಸೀನು ಬಂದಂಗಾಗಿ ಬರದೆ ಹೋಗುತ್ತಲ್ಲ, ಹಂಗೆ. ಖುಷೀನೂ ಅಷ್ಟೇ. ನಮ್ಮ ಪುಟ್ಟಿ ಮದುವೆ ಗೊತ್ತಾದಾಗ ಅಣ್ಣ, ಸುಮಾ ಎಲ್ಲ ಕುಣೀತಿದ್ರು. ನಾನೂ ನಕ್ಕೆ. ನಗ್ಬೇಕು ಅಂತ ಗೊತ್ತಿತ್ತು, ಅದಕ್ಕೆ ನಕ್ಕೆ. ಅಣ್ಣನ ಮಗಳಾದ್ರೂ ನಾನೇ ಎತ್ತಿ ಬೆಳೆಸಿದ ಹುಡುಗಿ ಕಣೆ ಅವ್ಳು."

ಮರೆವಿನ ವಿಷಯವೂ ಬಂತು. ಫೋನಿಗೆ ಬರುವ ಓಟಿಪಿ ನೋಡಿ ಟೈಪ್ ಮಾಡುವಷ್ಟರಲ್ಲಿ ನಂಬರ್ ತಲೆಯಿಂದ ಹಾರಿಹೋಗುತ್ತದಂತೆ. ಸೀರಿಯಲ್ಲಿನ ಬ್ರೇಕ್ ಮುಗಿಯುವಷ್ಟರಲ್ಲಿ ಯಾರು ಯಾರ ಸೊಸೆ ಎಂಬುದು ಮರೆಯುತ್ತದಂತೆ. ಅದು ಸೀರಿಯಲ್ ಬರೆಯುವವರಿಗೂ ನೆನಪಿರುವುದಿಲ್ಲ ಬಿಡು ಅಂದೆ. ನಕ್ಕಳು. ನಿಜವಾಗಿ ನಕ್ಕಳೋ, ಇದು ನಗುವ ಜಾಗ ಎಂದು ತಿಳಿದು ನಕ್ಕಳೋ, ನನಗೆ ಗೊತ್ತಾಗಲಿಲ್ಲ. ಸಂಕಟವಾಯಿತು.

"ಡಾಕ್ಟರಿಗೆ ಹೇಳಿದ್ದೀಯಾ?"

"ಡಾಕ್ಟ್ರು ಕೇಳೋದು ಅಣ್ಣನ್ನ. ಸೂಪರ್ ಆಗಿದ್ದಾಳೆ ಸಾರ್, ಏನೂ ಗಲಾಟೆ ಇಲ್ಲ ಅಂತಾನೆ. ಮುಗೀತು."

"ನೀನೇ ಹೇಳ್ಬಹುದಲ್ಲ?"

"ಹೇಳ್ಬೇಕು ಅನ್ನಿಸ್ಬೇಕಲ್ಲ" ಅಂದಳು. ಕೈಯಲ್ಲಿದ್ದ ಪಾತ್ರೆ ತೊಳೆದು ಬೋರಲು ಹಾಕಿ, "ಪುಟ್ಟಿನ ಧಾರೆ ಎರೆಯೋ ಹೊತ್ತಿಗಾದ್ರೂ ಒಂಚೂರು ಅಳು ಬಂದ್ರೆ ಸಾಕು. ಡಾಕ್ಟ್ರ ಹತ್ರ ಜೊತೆಗೆ ಬರ್ತೀಯಾ?" ಎಂದು ಕೇಳಿದಳು.

ಬಸವರಾಜಣ್ಣ ಮೊದಲು ಸುತರಾಂ ಒಪ್ಪಲಿಲ್ಲ. "ಎಲ್ಲಾ ಸರಿಯಾಗಿ ನಡೀತಿರುವಾಗ ಯಾಕಮ್ಮ ಕೆದಕ್ತೀಯಾ? ಆ ದಿನಗಳನ್ನ ನೀನು ನೋಡಿಲ್ಲ. ಅವ್ಳು ಎದ್ದು ಎಲ್ಲಿಗಾದ್ರೂ ಹೋಗ್ಬಿಡ್ತಾಳೆ ಅಂತ ಬಾಗಿಲಿಗೆ ಅಡ್ಡ ಮಲಗ್ತಿದ್ದೋನು ನಾನು." ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಮೂವರೂ ಹೋದೆವು.

ಜಯನಗರದ ಕ್ಲಿನಿಕ್. ಡಾಕ್ಟರು ಎಂದಿನಂತೆ ಅಣ್ಣನ ಕಡೆ ತಿರುಗಿ "ಹೇಗಿದ್ದಾರೆ?" ಎಂದರು. "ಅವಳನ್ನೇ ಕೇಳಿ ಡಾಕ್ಟ್ರೇ" ಎಂದು ನಾನು ಬಾಯಿಗೆ ಬೀಗ ಹಾಕಿಕೊಂಡೆ. (ನನ್ನನ್ನು ಬಲ್ಲವರಿಗೆ ಈ ತ್ಯಾಗದ ಬೆಲೆ ಗೊತ್ತು.) ಗಿರಿಜಕ್ಕ ಮಾತು ಶುರು ಮಾಡಲು ಬಹಳ ಹೊತ್ತು ತೆಗೆದುಕೊಂಡಳು. ನಡುವೆ ಅಣ್ಣ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. ಆಮೇಲೆ ಅವಳು ಸೀನಿನ ವಿಷಯ ಹೇಳಿದಳು, ಪುಟ್ಟಿಯ ವಿಷಯ ಹೇಳಿದಳು, ಓಟಿಪಿಯ ವಿಷಯವನ್ನೂ ಹೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ಈ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಹಲವರು ಹೀಗೆ ಹೇಳುತ್ತಾರಂತೆ. ಆದರೆ ಇದು ಮಾತ್ರೆಯ ಕೆಲಸವೋ, ಕಾಯಿಲೆಯೇ ಬಿಟ್ಟುಹೋದ ಮಂಕೋ ಎಂದು ಬೇರ್ಪಡಿಸಿ ಹೇಳುವುದು ತಮಗೂ ಕಷ್ಟ ಅಂದರು. ಡೋಸ್ ಸ್ವಲ್ಪ ಸ್ವಲ್ಪವೇ ಇಳಿಸಿ ನೋಡೋಣ, ಹಳೆಯ ಲಕ್ಷಣ ಏನಾದರೂ ಕಂಡರೆ ತಕ್ಷಣ ಫೋನ್ ಮಾಡಿ, ನೀವಾಗಿಯೇ ಮಾತ್ರೆ ನಿಲ್ಲಿಸುವ ಸಾಹಸ ಮಾತ್ರ ಬೇಡ ಎಂದು ಒತ್ತಿ ಹೇಳಿದರು. (ಇದನ್ನು ಓದಿ ಮನೆಯ ಮಾತ್ರೆ ಡಬ್ಬಿಯತ್ತ ಕೈ ಹಾಕಿದವರಿದ್ದರೆ, ದಯವಿಟ್ಟು ಕೈ ತೆಗೆಯಿರಿ. ನಾನು ಬರೆಯುವುದು ಅಂಕಣ, ಪ್ರಿಸ್ಕ್ರಿಪ್ಷನ್ ಅಲ್ಲ.)

ತಿಂಗಳುಗಳು ಕಳೆದವು. ಏನೂ ಬದಲಾಗಲಿಲ್ಲ. ಬದಲಾದದ್ದು ಬಸವರಾಜಣ್ಣ ಮಾತ್ರ. ತಂಗಿ ಕೆಮ್ಮಿದರೂ ಇವನು ಬೆಚ್ಚುತ್ತಿದ್ದ.

ಕಳೆದ ಭಾನುವಾರ ಮತ್ತೆ ಅಲ್ಲಿಗೆ ಊಟಕ್ಕೆ ಹೋಗಿದ್ದೆ. ಅಡುಗೆ ಅತ್ತಿಗೆಯದು. ಗಿರಿಜಕ್ಕ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟಳು. ನಿಲ್ಲಿಸಿದಳು. ತಟ್ಟೆಯನ್ನು ಮುಂದಕ್ಕೆ ದೂಡಿದಳು.

"ಈ ಸಾರಲ್ಲಿ ಏನೋ..." ಅಂದಳು.

ಅತ್ತಿಗೆಯ ಮುಖದಲ್ಲಿ ರಕ್ತವಿರಲಿಲ್ಲ. ಅದೇ ಮಾತು, ಅದೇ ತಟ್ಟೆ. ಅಣ್ಣ ಎಡಗೈಯಲ್ಲಿ ಆಗಲೇ ಫೋನ್ ಹಿಡಿದಿದ್ದ. ಇದಕ್ಕೆಲ್ಲ ಕಾರಣ ನಾನೇ ಅನ್ನಿಸಿತು.

ಗಿರಿಜಕ್ಕ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. "ಏನೋ ಕಮ್ಮಿ ಅಂದ್ಕೊಂಡೆ. ಉಪ್ಪೇ ಇಲ್ವಲ್ಲ ಸುಮಾ. ಹುಣಸೇಹಣ್ಣು ಬೇರೆ ಸುರ್ದಿದ್ದೀಯಾ. ಇದನ್ನ ಮನುಷ್ಯರು ತಿಂತಾರಾ?"

ರುಚಿ ನೋಡಿದೆ. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಕಾಲದಲ್ಲಿ ಇದೇ ಬಾಯಿಗೆ ಹೆದರಿ ಹಿತ್ತಲಲ್ಲಿ ಅತ್ತಿದ್ದ ಅತ್ತಿಗೆ, ಈಗ ಎಲ್ಲರೆದುರೇ ಅತ್ತರು, ಅಳುತ್ತಲೇ ನಕ್ಕರು. ಅಣ್ಣ ಮಾತ್ರ ಇನ್ನೂ ಫೋನ್ ಬಿಟ್ಟಿರಲಿಲ್ಲ. "ಯಾವ್ದಕ್ಕೂ ಡಾಕ್ಟ್ರನ್ನ ಒಂದ್ಮಾತು ಕೇಳ್ಬಿಡ್ಲಾ?" ಅಂದ.

"ಕೇಳು. ಅದಕ್ಕೆ ಮೊದ್ಲು ಉಪ್ಪಿನ ಡಬ್ಬಿ ಈ ಕಡೆ ತಳ್ಳು" ಅಂದಳು ಗಿರಿಜಕ್ಕ.

ಇದು ಡೋಸ್ ಇಳಿಸಿದ್ದರ ಫಲವೋ, ಒಂದು ಮಧ್ಯಾಹ್ನದ ಅದೃಷ್ಟವೋ, ಗೊತ್ತಿಲ್ಲ. ಪುಟ್ಟಿಯ ಧಾರೆಗೆ ಅವಳಿಗೆ ಅಳು ಬರುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ನನ್ನನ್ನು ಕೊರೆಯುತ್ತಿರುವ ಪ್ರಶ್ನೆ ಬೇರೆ: ಇಷ್ಟು ವರ್ಷ ನಾವು "ಗಿರಿಜಾ ಹುಷಾರಾಗಿದ್ದಾಳೆ" ಎನ್ನುತ್ತಿದ್ದದ್ದು ಅವಳ ಆರೋಗ್ಯ ನೋಡಿಯೋ, ನಮ್ಮ ನೆಮ್ಮದಿ ನೋಡಿಕೊಂಡೋ?