ಎಣ್ಣೆಗೈ ಪರೀಕ್ಷೆ

ಪುಣೆ ಹತ್ತಿರದ ಭೋಸರಿಯ ಕಾರ್ಖಾನೆ ಸಾಲಿನಲ್ಲಿ ಮುಚ್ಚಳ ಮಾಡುವವರು ಒಬ್ಬಿಬ್ಬರಲ್ಲ. ಆದರೆ ಹೆಂಗಸೊಬ್ಬಳ ಕೈಗೆ ಎಣ್ಣೆ ಹಚ್ಚಿಸಿ ಮುಚ್ಚಳ ಪರೀಕ್ಷೆ ಮಾಡುವ ಕಾರ್ಖಾನೆ ಎಂದರೆ ಶಿವಪ್ಪನದೊಂದೇ. ಇಂಡಿ ಕಡೆಯಿಂದ ಪುಣೆಗೆ ಬಂದ ಶಿವಪ್ಪ ಉಪ್ಪಿನಕಾಯಿ ಬಾಟಲಿಗೆ ಪ್ಲಾಸ್ಟಿಕ್ ಮುಚ್ಚಳ ಮಾಡಲು ಶುರುಮಾಡಿದಾಗ, ಮೊದಲ ಮುಚ್ಚಳವನ್ನು ಬಾಟಲಿಗೆ ಹಾಕಿ ತಂದು ಒಗ್ಗರಣೆ ಹಾಕುತ್ತಿದ್ದ ಹೆಂಡತಿಯ ಕೈಗೆ ಕೊಟ್ಟ. ಸಾವಂತ್ರವ್ವನ ಎಣ್ಣೆಗೈ ಜಾರಿತು. ಮುಚ್ಚಳ ಜಪ್ಪಯ್ಯ ಎಂದರೂ ಅಲುಗಲಿಲ್ಲ.

"ಉಪ್ಪಿನಕಾಯಿ ತಿನ್ನೋರು ಕೈ ಒರಸ್ಕೊಂಡು ಕುಂತಿರ್ತಾರೇನ್ರಿ?" ಎಂದು ಆಕೆ ಗಂಡನನ್ನೇ ಜಬರಿಸಿದಳು.

ಅಂದಿನಿಂದ ಅದೇ ಕಾನೂನಾಯಿತು. ಸಾವಂತ್ರವ್ವನ ಎಣ್ಣೆಗೈಗೆ ತೆರೆಯದ ಮುಚ್ಚಳ ಗೇಟು ದಾಟುವಂತಿಲ್ಲ.

ಮೂವತ್ತೆರಡು ವರ್ಷ ಹಾಗೇ ನಡೆಯಿತು. ಶಿವಪ್ಪ ತೀರಿಕೊಂಡ ಮೇಲೆ ಮಗ ಸಂಜು ಹೊಸ ಯಂತ್ರ ತಂದ, ಮುಚ್ಚಳದ ಬಿಗಿ ಅಳೆಯುವ ಮಷೀನನ್ನೂ ತಂದ, ಆದರೆ ಅಪ್ಪನ ಕಾನೂನನ್ನು ಬಿಡಲಿಲ್ಲ. ದಿನವೂ ಹತ್ತಕ್ಕೆ ಕಿಟಕಿಯ ಪಕ್ಕದ ಕುರ್ಚಿ, ಶೇಂಗಾ ಎಣ್ಣೆಯ ಬಟ್ಟಲು, ಇಪ್ಪತ್ತು ಮುಚ್ಚಳ. ಪಾಸಾದವುಗಳಲ್ಲಿ ಒಂದನ್ನು ತಾರೀಖು ಬರೆದು ಕಪಾಟಿನಲ್ಲಿ ಇಡುತ್ತಿದ್ದರು. ಊಟದ ಹೊತ್ತಿಗೆ ಕೆಲಸದ ಹೆಂಗಸರ ಜೊತೆ ಮರಾಠಿಯಲ್ಲಿ ಹರಟೆ. "ಈ ವಯಸ್ಸಿನಾಗ ಮನ್ಯಾಗ ಆರಾಮ ಇರ್ರಿ" ಎನ್ನುವವರನ್ನು ಕಂಡರೆ ಸಾವಂತ್ರವ್ವನಿಗೆ ಮೈಯೆಲ್ಲ ಉರಿ. ಆರಾಮವಂತೆ ಆರಾಮ! ಟೀವಿ ಮುಂದೆ ಕೂತು ತೂಕಡಿಸುವುದಕ್ಕೆ ಆರಾಮ ಎನ್ನುತ್ತಾರೆಯೇ?

ಆದರೆ ಕಳೆದ ದೀಪಾವಳಿಯಿಂದ ಬೆರಳ ಕೀಲು ಹಿಡಿಯತೊಡಗಿತು. ಒಂದು ದಿನ ಮುಚ್ಚಳ ತೆರೆಯಲೇ ಇಲ್ಲ. ಹಿಂದಿನ ದಿನ ಸಲೀಸಾಗಿ ತೆರೆದಿದ್ದಂಥದ್ದೇ ಮುಚ್ಚಳ. ಅತ್ತಿತ್ತ ನೋಡಿದ ಸಾವಂತ್ರವ್ವ ಸೆರಗಿನ ತುದಿ ಸುತ್ತಿ ತಿರುಗಿಸಿದಳು. ತೆರೆಯಿತು. "ಪಾಸ್" ಎಂದಳು. ಆಮೇಲೆ ದಿನವೂ ಸೆರಗು. ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಪ್ರತಿ ಸಲ "ಪಾಸ್" ಎನ್ನುವಾಗ ಆಕೆಗೆ ನಾಚಿಕೆಯಾಗುತ್ತಿತ್ತು.

ಅಷ್ಟರಲ್ಲಿ ದೊಡ್ಡ ಕೆಲಸವೊಂದು ಬಂತು. ಕೀಲುನೋವಿನ ಮುಲಾಮು ಮಾಡುವ ಕಂಪನಿಯೊಂದಕ್ಕೆ ಡಬ್ಬಿಯ ಮುಚ್ಚಳ. ದಾರಿಯಲ್ಲಿ ಮುಲಾಮು ಸೋರಬಾರದು, ಬಿಗಿ ಜಾಸ್ತಿ ಇರಲಿ ಎಂದು ಅವರೇ ಹೇಳಿದ್ದರು. ಉಕ್ಕಿನ ಅಚ್ಚು ಮಾಡಿಸಲು ಎರಡು ತಿಂಗಳು ಹಿಡಿಯಿತು. ಯಂತ್ರ ನಡೆಸುವ ಮಾಂತು ಅಚ್ಚಿಗೆ ಜೇಜುರಿ ದೇವರ ಭಂಡಾರದ ಅರಿಶಿನ ಹಚ್ಚಿ ಮೊದಲ ಮುಚ್ಚಳಗಳನ್ನು ತೆಗೆದ. ಒಪ್ಪಿಗೆ ಕೊಡಲು ಕಂಪನಿಯ ಧರ್ಮರಾಜ ಬಂದ. ಸೊಲ್ಲಾಪುರ ಕಡೆಯ ಕನ್ನಡದವನು. ಎಣ್ಣೆಗೈ ಪರೀಕ್ಷೆಯ ಸುದ್ದಿ ಅವನ ಕಿವಿಗೂ ಬಿದ್ದಿತ್ತು, ನೋಡಿಯೇ ಹೋಗುತ್ತೇನೆ ಎಂದು ಕುರ್ಚಿಯ ಎದುರೇ ನಿಂತುಬಿಟ್ಟ.

ಸಾವಂತ್ರವ್ವ ಬೆರಳು ಅದ್ದಿ ಮುಚ್ಚಳ ಹಿಡಿದಳು. ತಿರುಗಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದಳು. ಊಹೂಂ. ಎಡಗೈ ತಾನಾಗಿಯೇ ಸೆರಗಿನ ಕಡೆ ಹೋಯಿತು. ಒಂದು ಸುತ್ತು ಸುತ್ತಿದರೆ ಮುಗಿಯಿತು, ಮಗನ ಕೆಲಸವೂ ಉಳಿಯುತ್ತದೆ, ತನ್ನ ಕುರ್ಚಿಯೂ ಉಳಿಯುತ್ತದೆ. ಸುತ್ತದಿದ್ದರೆ? ಕೈ ಸೋತ ಮುದುಕಿಯನ್ನು ಯಾರು ಪರೀಕ್ಷೆಗೆ ಕೂರಿಸುತ್ತಾರೆ? ಸೆರಗಿನ ತುದಿ ಹಿಡಿದಳು. ಆಮೇಲೆ ಬಿಟ್ಟಳು.

"ತಿರುಗವಲ್ದು," ಎಂದಳು.

ಸಂಜುವಿನ ಮುಖ ಕಪ್ಪಿಟ್ಟಿತು. "ಇನ್ನೊಮ್ಮೆ ನೋಡವ್ವಾ. ಮಷೀನಿನ್ಯಾಗ ಬರೋಬರಿ ಬಂದದ."

"ಮಷೀನಿಗೆ ಬ್ಯಾನಿ ಇಲ್ಲೋ, ನನ್ನ ಕೈಗದ. ಆರು ತಿಂಗಳಾತು, ಸೆರಗು ಸುತ್ತಿ ತೆಗೀತಿದ್ದೆ. ನಿಮ್ಮಪ್ಪನ ಕಾನೂನು ನಾನ ಮುರದೆ." ಆಕೆ ಡಬ್ಬಿಯನ್ನು ಮಗನ ಕಡೆ ಚಾಚಿದಳು. "ಹೇಳಿದ್ರ ಮನ್ಯಾಗ ಕುಂಡ್ರಸ್ತಿದ್ದಿ."

ಧರ್ಮರಾಜ ಮುಂದೆ ಬಂದು, ಪಾಪ, ಒಳ್ಳೆ ಮನಸ್ಸಿನಿಂದಲೇ, ಮುಚ್ಚಳ ಹಾಕಿ ನೋಡಲೆಂದು ತಂದಿದ್ದ ಮುಲಾಮು ತುಂಬಿದ ಡಬ್ಬಿಯೊಂದನ್ನು ಆಕೆಯ ಮುಂದೆ ಇಟ್ಟ. "ಚಿಂತಿ ಮಾಡಬ್ಯಾಡ್ರಿ ಅಮ್ಮಾ. ನಮ್ಮ ಮುಲಾಮು ದಿನಾ ಹಚ್ಕೋರಿ. ಹದಿನೈದು ದಿನದಾಗ ಕೈ ಭಾಳ ಹಗರ ಆಗ್ತಾವ."

ಡಬ್ಬಿಯ ಮೇಲೆ ಅದೇ ಹೊಸ ಮುಚ್ಚಳ. ಸಾವಂತ್ರವ್ವ ಡಬ್ಬಿಯನ್ನು ನೋಡಿದಳು, ಅವನನ್ನು ನೋಡಿದಳು.

"ಹಚ್ಕೊಳ್ಳಾಕ ಮೊದಲ ತೆಗೀಬೇಕಲ್ಲಪಾ," ಎಂದಳು.

ಕೊಂಕು ಮಾತಲ್ಲ ಅದು. ನಿಜವಾಗಿಯೂ ಹೇಗೆ ತೆಗೆಯಲಿ ಎಂದೇ ಕೇಳಿದ್ದಳು. ಮಾಂತು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಧರ್ಮರಾಜ ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ.

"ನಮ್ಮವ್ವ ಹಳೇ ಮುಚ್ಚಳ ತೆಗಿಯಾಕನ ನನ್ನ ಕರೀತಾಳ," ಎಂದ ಮೆಲ್ಲಗೆ. "ಸಂಜು, ಇನ್ನೂ ಎಂಟು ದಿನ ತಗೋರಿ. ಸಡ್ಲ ಮಾಡ್ರಿ, ಆದ್ರ ಸೋರಬಾರ್ದು."

ಸಾವಂತ್ರವ್ವ ಎದ್ದು ಕೈಚೀಲ ಹುಡುಕತೊಡಗಿದಳು.

"ಎಲ್ಲಿ ಹೊಂಟಿ?" ಎಂದ ಸಂಜು.

"ಮನಿಗೆ. ಕೈ ಹೋದವಲ್ಲ."

ಸಂಜು ಆಕೆಯ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದ. "ಕುಂದ್ರು. ಈ ಡಬ್ಬಿ ಕೊಳ್ಳೋರ ಕೈಯೆಲ್ಲಾ ನಿನ್ನಂಥಾವ ಅದಾವ. ಗಟ್ಟಿ ಕೈ ನನಗ ಎಲ್ಲೆ ಬೇಕಲ್ಲೆ ಸಿಗ್ತಾವ."

ಆಗ ಮಾತ್ರ ಸಾವಂತ್ರವ್ವ ಯಾರಿದ್ದಾರೆ ಎಂದು ನೋಡದೆ ಅತ್ತುಬಿಟ್ಟಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಮಗನನ್ನು ದಿಟ್ಟಿಸಿದಳು.

"ಹಂಗಾದ್ರ ಕಪಾಟಿನ್ಯಾಗಿನ ಆರು ತಿಂಗಳದ ಉಪ್ಪಿನಕಾಯಿ ಮುಚ್ಚಳನೂ ತರಸು. ಎಲ್ಲಾ ಮತ್ತ ನೋಡ್ತೀನಿ."

"ಅವ್ವಾ, ಅವೆಲ್ಲಾ ಪಾಸ್ ಆಗ್ಯಾವ..."

"ಸೆರಗು ಪಾಸ್ ಮಾಡೇದ, ನಾ ಅಲ್ಲ."

ಸಂಜು ಹಣೆ ಚಚ್ಚಿಕೊಂಡು ಕಪಾಟಿನ ಕೀಲಿ ತರಲು ಹೋದ. ಸಾವಂತ್ರವ್ವ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಬೆರಳುಗಳನ್ನು ಎಣ್ಣೆಯಲ್ಲಿ ಅದ್ದಿದಳು.