ವಾಚಿನ ಹನ್ನೆರಡನೇ ಹರಳು

ಮಾಜಿವಾಡಾದ ನಮ್ಮ ಮಾವನ ಹೋಟೆಲಿಗೆ ಬರುವ ಅಜ್ಜರೊಬ್ಬರಿಗೆ ರತ್ನ ಕೂರಿಸಿದ ಹಳೇ ವಾಚು ಸಂಗ್ರಹಿಸುವ ಹುಚ್ಚು. ಒಂದು ದಿನ ಅವರು ಕಟ್ಟಿಕೊಂಡು ಬಂದ ವಾಚಿನ ಹನ್ನೆರಡು ಮಾಣಿಕ್ಯಗಳಲ್ಲಿ ಒಂದು ಬಿದ್ದುಹೋಗಿತ್ತು. ಅಂಥದೇ ಇನ್ನೊಂದನ್ನು ಹುಡುಕಿ ಹುಡುಕಿ ಅಜ್ಜ ಸೋತಿದ್ದರು. ವಾಚನ್ನು ಟೇಬಲ್ ಮೇಲೆ ಬಿಚ್ಚಿಟ್ಟು ಕೈತೊಳೆಯಲು ಹೋದರು. ಬಡಿಸುತ್ತಿದ್ದ ನಾನು ಸುಮ್ಮನಿರುವವನೇ? ಅವರ ಮೊಸರನ್ನದಿಂದ ಒಂದು ದಾಳಿಂಬೆ ಕಾಳು ಎತ್ತಿ, ಅಂಗಿಗೆ ಒರೆಸಿ, ಖಾಲಿ ಕುಳಿಗೆ ಒತ್ತಿಬಿಟ್ಟೆ.

ಅಜ್ಜ ಬಂದು ನೋಡಿದರು. ಬೈಯಲಿಲ್ಲ. ವಾಚನ್ನು ಬಿಸಿಲಿಗೆ ಹಿಡಿದರು. ಗೋಡೆಯ ಮೇಲೆ ಕೆಂಪು ಚುಕ್ಕೆಗಳು ನಿಧಾನವಾಗಿ ತೇಲಿದವು.

"ಪೂರ್ತಿ ಇದ್ದಾಗ ಹೀಗೆ ಕಾಣ್ತಿತ್ತಾ, ಮಾಣಿ?" ಎಂದರು, ಕನಸಿನಲ್ಲಿದ್ದವರಂತೆ.

"ಸಾರಿ ಅಜ್ಜ, ತೆಗೀಲಾ?"

"ಮುಟ್ಟಬೇಡ ಮಾರಾಯ!"

ಈಗ ವಾರಕ್ಕೆರಡು ಸಲ ಬಂದು ಮೊಸರನ್ನವನ್ನೇ ತರಿಸುತ್ತಾರೆ, ಮೊದಲು ಹೊಳೆಯುವ ಕಾಳೊಂದನ್ನು ಆರಿಸಿ, ವಾಚಿನಲ್ಲಿ ಒಣಗಿದ್ದರ ಜಾಗಕ್ಕೆ ಕೂರಿಸುತ್ತಾರೆ. ಎಲ್ಲ ತನ್ನ ಕೈರುಚಿಯ ಮಹಿಮೆ ಎಂದು ಮಾವ ಬೀಗುತ್ತಿದ್ದಾನೆ.